ಫ್ಯಾನ್ ಕಂಟ್ರೋಲ್: ಗ್ರಾಫಿಕ್ಸ್ ಕಾರ್ಡ್ ಇದ್ದವರು ಹಾಕಿಕೊಳ್ಳಿ, ಇಲ್ಲದವರಿಗೆ ಬಯೋಸ್ ಸಾಕು

ಗೇಮ್ ಆಡುವಾಗ ಕ್ಯಾಬಿನೆಟ್ಟಿನೊಳಗೆ ಹುಟ್ಟುವ ಬಿಸಿಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. 200–250 ವ್ಯಾಟ್ ತಿನ್ನುವ ಕಾರ್ಡು ಹೆಚ್ಚುಕಡಿಮೆ ಅಷ್ಟನ್ನೂ ಶಾಖವಾಗಿ ಕ್ಯಾಬಿನೆಟ್ಟಿನೊಳಗೇ ಉಗುಳುತ್ತದೆ. ಅದೇ ಹೊತ್ತಿಗೆ ಸಿಪಿಯು 60–70 ವ್ಯಾಟಿನಲ್ಲಿ ಆರಾಮಾಗಿರುತ್ತದೆ. ಆದರೆ ಕ್ಯಾಬಿನೆಟ್ ಫ್ಯಾನುಗಳ ವೇಗ ತೀರ್ಮಾನಿಸುವ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಏಳುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಸಾಮಾನ್ಯವಾಗಿ ನೋಡುವುದು ಸಿಪಿಯು ಮತ್ತು ಮದರ್‌ಬೋರ್ಡಿನ ತಾಪಮಾನವನ್ನಷ್ಟೇ. ಹಾಗಾಗಿ ಕಾರ್ಡು 80 ಡಿಗ್ರಿಯಲ್ಲಿ ಬೇಯುತ್ತಿದ್ದರೂ ಮುಂಭಾಗದ ಫ್ಯಾನುಗಳು 600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 600 ಸುತ್ತು) ತೂಕಡಿಸುತ್ತಿರುತ್ತವೆ. ಬ್ರೌಸರ್ ತೆರೆದ ಕ್ಷಣ ಸಿಪಿಯು ಒಮ್ಮೆ ಜಿಗಿದರೆ ಸಾಕು, ಭರ್ರೆಂದು ಎದ್ದು ಕೂರುತ್ತವೆ. ಬೇಕಾದಾಗ ಗಾಳಿ ಇಲ್ಲ, ಬೇಡದಾಗ ಗದ್ದಲ.

ವಿಂಡೋಸ್‌ನಲ್ಲಿ ಈ ತೊಂದರೆಗೆ ಇವತ್ತು ಇರುವ ಒಳ್ಳೆಯ ಮದ್ದು ‘ಫ್ಯಾನ್ ಕಂಟ್ರೋಲ್’ ಎಂಬ ಉಚಿತ ತಂತ್ರಾಂಶ. ಬರೆದವರು ರೆಮಿ ಮರ್ಸಿಯೆ. ಗಿಟ್‌ಹಬ್‌ನಲ್ಲಿ ಇನ್‌ಸ್ಟಾಲರ್ ಆಗಿಯೂ ಸಿಗುತ್ತದೆ, ಬಿಚ್ಚಿ ಓಡಿಸುವ ಜಿಪ್ ಆಗಿಯೂ ಸಿಗುತ್ತದೆ. ಇದರ ಮೂಲ ಸಂಕೇತ ಮುಕ್ತವಲ್ಲ. ಆದರೆ ಯಂತ್ರಾಂಶದ ಜೊತೆ ಮಾತಾಡಲು ಅದು ಬಳಸುವ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ಲೈಬ್ರರಿ ಮುಕ್ತ. ಗ್ರಾಫಿಕ್ಸ್ ಕಾರ್ಡಿನ ತಾಪಮಾನ ನೋಡಿ ಕ್ಯಾಬಿನೆಟ್ ಫ್ಯಾನ್ ತಿರುಗಿಸುವುದು ಇದರ ಮುಖ್ಯ ಉಪಯೋಗ. ಆ ಕಾರಣ ನಿಮಗಿಲ್ಲದಿದ್ದರೆ, ಅಂದರೆ ಸಿಪಿಯುವಿನೊಳಗಿನ ಗ್ರಾಫಿಕ್ಸ್‌ನಲ್ಲೇ ಕೆಲಸ ನಡೆಯುತ್ತಿದ್ದರೆ, ಇನ್ನೊಂದು ತಂತ್ರಾಂಶ ಹಿನ್ನೆಲೆಯಲ್ಲಿ ಓಡುವುದು ಬೇಡ. ಬಯೋಸ್‌ನಲ್ಲೇ ಐದು ನಿಮಿಷದ ಕೆಲಸ.

ಬೇಕು ಅನ್ನುವವರೂ ನೇರವಾಗಿ ಇನ್‌ಸ್ಟಾಲ್ ಮಾಡಬಾರದು. ‘ತಂತ್ರಾಂಶ ಕೆಲಸ ಮಾಡುತ್ತಿಲ್ಲ’ ಎಂಬ ದೂರುಗಳ ಬುಡ ಹುಡುಕಿದರೆ ಸಿಗುವುದು ಸಾಮಾನ್ಯವಾಗಿ ವೈರು, ಇಲ್ಲವೇ ಬಯೋಸ್‌ನ ಒಂದು ಆಯ್ಕೆ.

ಮೊದಲು ಕ್ಯಾಬಿನೆಟ್ಟಿನ ಬಾಗಿಲು ತೆಗೆಯಿರಿ

ಫ್ಯಾನಿನ ಕನೆಕ್ಟರಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿ. ಮೂರಾದರೆ ಅದು ವೋಲ್ಟೇಜ್ ಏರಿಳಿಸಿ ವೇಗ ಬದಲಿಸಬೇಕಾದ ಫ್ಯಾನ್. ನಾಲ್ಕಾದರೆ ಪಿಡಬ್ಲ್ಯುಎಂ ಫ್ಯಾನ್, ಅಂದರೆ ಮಿಡಿತದ ಆಜ್ಞೆ ನೋಡಿ ವೇಗ ಬದಲಿಸುವುದು. ಮೊದಲ ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗ ಹೇಳುವ ಟ್ಯಾಕೋ, ನಾಲ್ಕನೆಯದು ಆಜ್ಞೆ ಕೊಡುವ ತಂತಿ. ಇಂಟೆಲ್ 2005ರಲ್ಲಿ ಹೊರತಂದ ನಾಲ್ಕು ತಂತಿಯ ಫ್ಯಾನ್ ನಿರ್ದಿಷ್ಟತೆಯೇ ಇಂದಿಗೂ ಆಧಾರ. ಅದರ ಪ್ರಕಾರ ನಾಲ್ಕನೇ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25 ಸಾವಿರ ಬಾರಿ ಮಿಡಿತ ಹೋಗುತ್ತದೆ, 12 ವೋಲ್ಟ್ ಮಾತ್ರ ಸ್ಥಿರ. ಟ್ಯಾಕೋ ತಂತಿ ಒಂದು ಸುತ್ತಿಗೆ ಎರಡು ಮಿಡಿತ ವಾಪಸ್ ಕಳಿಸುತ್ತದೆ.

ಮದರ್‌ಬೋರ್ಡಿನ ಹೆಡರಿನಲ್ಲಿ (ಫ್ಯಾನಿನ ತಂತಿ ಸಿಕ್ಕಿಸುವ ಪಿನ್ನುಗಳ ಜಾಗ) ನಾಲ್ಕು ಪಿನ್ ಇದ್ದರೂ ಅದು ಯಾವ ರೀತಿಯಲ್ಲಿ ನಡೆಯಬೇಕು ಎಂಬುದನ್ನು ಬಯೋಸ್ ಹೇಳುತ್ತದೆ: ಡಿಸಿ (ವೋಲ್ಟೇಜ್ ಏರಿಳಿಸುವುದು), ಪಿಡಬ್ಲ್ಯುಎಂ (ಮಿಡಿತ ಕಳಿಸುವುದು), ಆಟೋ (ತಾನೇ ಗುರುತಿಸುವುದು). ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯುಎಂ ಹೆಡರಿಗೆ ಹಾಕಿದರೆ ಅದಕ್ಕೆ ಸದಾ ಪೂರ್ತಿ 12 ವೋಲ್ಟ್ ಸಿಗುತ್ತದೆ, ಆಜ್ಞೆ ಕೇಳಿಸಿಕೊಳ್ಳಲು ತಂತಿಯೇ ಇಲ್ಲ. ಪರದೆಯ ಮೇಲೆ ಶೇ 30 ಎಂದು ಕಾಣುತ್ತದೆ, ಫ್ಯಾನು 1200ರಲ್ಲೇ ಗುಂಯ್ ಅನ್ನುತ್ತಿರುತ್ತದೆ. ಹೆಡರನ್ನು ಡಿಸಿಗೆ ಬದಲಿಸಿದ ತಕ್ಷಣ ಸರಿಹೋಗುತ್ತದೆ. ಉಲ್ಟಾ ತಪ್ಪು ಇನ್ನೂ ಮೋಸದ್ದು. ಪಿಡಬ್ಲ್ಯುಎಂ ಫ್ಯಾನನ್ನು ಡಿಸಿಯಲ್ಲಿ ನಡೆಸಿದರೆ ಮೇಲ್ವೇಗದಲ್ಲಿ ಎಲ್ಲ ಸರಿ ಎನಿಸುತ್ತದೆ. ವೋಲ್ಟೇಜ್ 5ರ ಆಸುಪಾಸಿಗೆ ಇಳಿದಾಗ ಕೆಲವು ಫ್ಯಾನು ನಿಲ್ಲುತ್ತವೆ, ಕೆಲವು ಟಕ್ ಟಕ್ ಎಂದು ಹೊರಳಾಡುತ್ತವೆ. ಫ್ಯಾನ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವ ಮೊದಲು ಈ ಆಯ್ಕೆ ನೋಡಿ.

ಆಟೋ ಎಂಬುದನ್ನು ನಂಬಬೇಡಿ. ಒಂದೇ ಫ್ಯಾನು ನೇರ ಹೆಡರಿನಲ್ಲಿದ್ದಾಗ ಅದು ಸಾಮಾನ್ಯವಾಗಿ ಸರಿಯಾಗಿ ಗುರುತಿಸುತ್ತದೆ. ನಡುವೆ ಒಂದೇ ಹೆಡರಿಗೆ ಹಲವು ಫ್ಯಾನು ಜೋಡಿಸುವ ಸ್ಪ್ಲಿಟರ್ ಅಥವಾ ಹಬ್ ಬಂದರೆ ಎಡವಬಹುದು. ಕೈಯಿಂದಲೇ ಡಿಸಿ ಅಥವಾ ಪಿಡಬ್ಲ್ಯುಎಂ ಎಂದು ಬರೆದುಬಿಡಿ.

ಹಬ್ಬಿನದು ಬೇರೆಯೇ ಕತೆ. ಎಸ್‌ಎಂಪಿಎಸ್‌ನ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೆಟ್ಟಿಗೆ) ಸಾಟಾ ತಂತಿಯಿಂದ ಕರೆಂಟು ಪಡೆದು, ಮದರ್‌ಬೋರ್ಡಿನಿಂದ ಆಜ್ಞೆಯ ಮಿಡಿತವನ್ನಷ್ಟೇ ತೆಗೆದುಕೊಂಡು ಎಲ್ಲ ಫ್ಯಾನಿಗೂ ಹಂಚುವ ಹಬ್ಬುಗಳು ಪಿಡಬ್ಲ್ಯುಎಂ ಫ್ಯಾನಿಗಾಗಿ ಮಾಡಿದವು. ಇಂಥ ಹಬ್ಬಿಗೆ ಮೂರು ಪಿನ್ನಿನ ಫ್ಯಾನು ಹಾಕಿದರೆ ಪೂರ್ಣ ವೇಗವೇ ಗತಿ. ಹಬ್ಬಿನ ಹೆಡರನ್ನು ಬಯೋಸ್‌ನಲ್ಲಿ ಡಿಸಿಗೆ ಇಟ್ಟಿದ್ದರೆ ಹಬ್ಬಿಗೆ ಮಿಡಿತವೇ ತಲುಪುವುದಿಲ್ಲ, ಆಗ ಪಿಡಬ್ಲ್ಯುಎಂ ಫ್ಯಾನುಗಳೂ ಪೂರ್ಣ ವೇಗಕ್ಕೆ ಹೋಗುತ್ತವೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ: ನಾಲ್ಕನೇ ತಂತಿಯಲ್ಲಿ ಏನೂ ಬರದಿದ್ದರೆ ಫ್ಯಾನು ‘ಪೂರ್ತಿ ತಿರುಗು’ ಎಂದೇ ಅರ್ಥ ಮಾಡಿಕೊಳ್ಳುತ್ತದೆ. ತಂತಿ ತುಂಡಾದರೂ ಯಂತ್ರ ಬಿಸಿಯಾಗಬಾರದು ಎಂಬ ಲೆಕ್ಕ. ಹಾಗಾಗಿ ಫ್ಯಾನು ಇಳಿಯದೆ ಅರಚುತ್ತಿದ್ದರೆ ಮೊದಲ ಅನುಮಾನ ನಾಲ್ಕನೇ ತಂತಿಯ ಮೇಲಿರಲಿ.

ಹಬ್ಬಿನಿಂದ ವಾಪಸ್ ಬರುವ ಟ್ಯಾಕೋ ಒಂದೇ ಫ್ಯಾನಿನದು. ಹಬ್ಬಿನ ಮೇಲೆ ಆ ಸಾಕೆಟ್ಟಿಗೆ ಬಣ್ಣವೋ ಅಂಕಿಯೋ ಗುರುತಾಗಿರುತ್ತದೆ; ಅದನ್ನು ಖಾಲಿ ಬಿಟ್ಟು ಉಳಿದವಕ್ಕೆ ಫ್ಯಾನು ಹಾಕಿದರೆ ಪರದೆಯಲ್ಲಿ ಸೊನ್ನೆ ಆರ್‌ಪಿಎಂ ಕಾಣುತ್ತದೆ. ಫ್ಯಾನು ಕಣ್ಣೆದುರೇ ತಿರುಗುತ್ತಿದ್ದರೂ ಸೊನ್ನೆ ಬಂದರೆ ಕಾರಣ ಇದೇ. ಎರಡು ಫ್ಯಾನಿನ ವೈ ಸ್ಪ್ಲಿಟರಿನಲ್ಲಿ ಒಂದು ಬಾಯಿಗೆ ಮೂರನೇ ಪಿನ್ ಇರುವುದಿಲ್ಲ. ನೋಡಿ ಗಾಬರಿಯಾಗಬೇಡಿ, ಅದೇ ಒಳ್ಳೆಯ ಸ್ಪ್ಲಿಟರ್. ಎರಡೂ ಬಾಯಿಗೆ ಮೂರನೇ ಪಿನ್ ಕೊಟ್ಟಿರುವ ಅಗ್ಗದ ಸ್ಪ್ಲಿಟರಿನಲ್ಲಿ ಎರಡು ಫ್ಯಾನಿನ ಮಿಡಿತ ಒಂದೇ ತಂತಿಯಲ್ಲಿ ಬೆರೆತು 900, 2300, 1500 ಎಂದು ಕುಣಿಯುವ ಅಂಕಿ ಬರುತ್ತದೆ.

ಒಂದು ಹೆಡರಿಗೆ ಎಷ್ಟು ಫ್ಯಾನು? ಸಾಮಾನ್ಯ ಹೆಡರಿನ ಮಿತಿ 1 ಆಂಪ್, ಅಂದರೆ 12 ವ್ಯಾಟ್. ನಾಕ್ಟುವಾದ ಎನ್‌ಎಫ್-ಎ12ಎಕ್ಸ್25 ಪಿಡಬ್ಲ್ಯುಎಂ ಫ್ಯಾನಿನ ಗರಿಷ್ಠ 0.14 ಆಂಪ್, ಮೂರು ಹಾಕಿದರೂ 0.42. ಆದರೆ ಬೆನ್ನಿನ ಚೀಟಿಯಲ್ಲಿ 0.30 ಆಂಪ್ ಎಂದಿರುವ ಫ್ಯಾನುಗಳೂ ಇವೆ. ಅಂಥವು ಮೂರಾದರೆ 0.90, ಶುರುವಾಗುವ ಕ್ಷಣದ ಹೆಚ್ಚುವರಿ ಎಳೆತ ಬೇರೆ. ಹೆಡರ್ ಸುಟ್ಟರೆ ಮದರ್‌ಬೋರ್ಡೇ ರಿಪೇರಿಗೆ ಹೋಗಬೇಕು. ಚೀಟಿ ಓದಿ ಕೂಡಿಸಿ, 0.7 ದಾಟಿದರೆ ಸಾಟಾ ಹಬ್ಬೇ ಕ್ಷೇಮ.

ಅಗ್ಗದ ಕ್ಯಾಬಿನೆಟ್ಟಿನ ಜೊತೆಗೇ ಬರುವ ಬಣ್ಣದ ದೀಪದ ಫ್ಯಾನುಗಳ ವಿಷಯ ಹೇಳಲೇಬೇಕು. ಎಸ್‌.ಪಿ. ರಸ್ತೆಯಲ್ಲಿ ‘ಮೂರು ಫ್ಯಾನ್ ಫ್ರೀ’ ಎಂದು ಕೊಟ್ಟ ಕ್ಯಾಬಿನೆಟ್ಟಿನಲ್ಲಿ ಆ ಫ್ಯಾನುಗಳ ತುದಿಗೆ ದೊಡ್ಡ ನಾಲ್ಕು ಪಿನ್ನಿನ ಮೋಲೆಕ್ಸ್ ಇದ್ದರೆ ಅವು ಎಸ್‌ಎಂಪಿಎಸ್‌ಗೆ ನೇರ ಸೇರುತ್ತವೆ. ವೇಗ ಒಂದೇ, ಯಾವ ತಂತ್ರಾಂಶಕ್ಕೂ ಸಿಗುವುದಿಲ್ಲ. ಆರು ಪಿನ್ನಿನ ವಿಚಿತ್ರ ಕನೆಕ್ಟರ್ ಇದ್ದರೆ ಅದು ಆ ಕಂಪನಿಯದೇ ಹಬ್ಬಿಗೆ ಮಾತ್ರ ಹೊಂದುತ್ತದೆ. ರಿಮೋಟಿನಿಂದ ಬಣ್ಣ ಬದಲಾಗಬಹುದು, ಅಷ್ಟೇ. ದೀಪದ ಕನೆಕ್ಟರನ್ನು ಫ್ಯಾನ್ ಹೆಡರ್ ಎಂದು ತಿಳಿಯುವ ತಪ್ಪೂ ಉಂಟು: ನಾಲ್ಕರ ಜಾಗದಲ್ಲಿ ಒಂದು ಪಿನ್ ಬಿಟ್ಟು ಮೂರಿದ್ದರೆ ಅದು 5 ವೋಲ್ಟಿನ ದೀಪದ್ದು. ಅದನ್ನು 12 ವೋಲ್ಟಿನ ದೀಪದ ಹೆಡರಿಗೆ ಒತ್ತಿ ತುರುಕಿದರೆ ದೀಪಗಳು ಸುಟ್ಟುಹೋಗುತ್ತವೆ.

ಈಗ ಬಯೋಸ್‌ಗೆ ಹೋಗಿ. ಆಸುಸ್‌ನಲ್ಲಿ ಇದರ ಹೆಸರು ಕ್ಯು-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎರಡರಲ್ಲೂ ಎಫ್6 ಒತ್ತಿದರೆ ಸಿಗುತ್ತದೆ. ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್, ಎಎಸ್‌ರಾಕ್‌ನಲ್ಲಿ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್. ಒಂದೊಂದೇ ಹೆಡರನ್ನು ಶೇ 100ಕ್ಕೆ ಏರಿಸಿ ಅಂಕಿ ಬರೆದುಕೊಳ್ಳಿ, ಆಮೇಲೆ ಶೇ 40ಕ್ಕೆ ಇಳಿಸಿ ಅರ್ಧ ನಿಮಿಷ ಕಾಯಿರಿ. ಆರ್‌ಪಿಎಂ ಇಳಿಯಿತೇ? ಇಳಿಯಿತು ಎಂದಾದರೆ ಮುಂದಕ್ಕೆ ಹೋಗಬಹುದು. ಬಯೋಸ್‌ನಲ್ಲೇ ಇಳಿಯದ ಫ್ಯಾನನ್ನು ವಿಂಡೋಸ್‌ನ ಯಾವ ತಂತ್ರಾಂಶವೂ ಇಳಿಸುವುದಿಲ್ಲ.

ತಂತ್ರಾಂಶ ಹಾಕಿದ ಮೇಲೆ

ಮೊದಲ ಬಾರಿ ತೆರೆದಾಗ ಬರುವ ಸಹಾಯಕ ಪ್ರತಿ ಹೆಡರಿನ ವೇಗ ಏರಿಳಿಸಿ ಯಾವ ನಿಯಂತ್ರಣಕ್ಕೆ ಯಾವ ಆರ್‌ಪಿಎಂ ಸಂಬಂಧಿಸಿದ್ದು ಎಂದು ಜೋಡಿಸುತ್ತದೆ. ಇದನ್ನು ಬಿಟ್ಟು ಹಾರಬೇಡಿ. ಮುಗಿದ ಕೂಡಲೇ ಒಂದೊಂದಕ್ಕೂ ಹೆಸರು ಕೊಡಿ: ಮುಂದೆ ಮೇಲಿನದು, ಮುಂದೆ ಕೆಳಗಿನದು, ಹಿಂದಿನದು. ‘ಫ್ಯಾನ್ 3’ ಎಂದೇ ಬಿಟ್ಟರೆ ಮೂರು ತಿಂಗಳ ಬಳಿಕ ನಿಮಗೇ ನೆನಪಿರುವುದಿಲ್ಲ. ಏನೂ ಜೋಡಿಸದ ಹೆಡರುಗಳನ್ನು ಮರೆಮಾಡಿ.

ಮುಂದಿನದು ಕ್ಯಾಲಿಬ್ರೇಷನ್. ಇದು ಫ್ಯಾನನ್ನು ನಿಲ್ಲುವವರೆಗೆ ಇಳಿಸಿ, ಮತ್ತೆ ತಿರುಗುವವರೆಗೆ ಏರಿಸಿ, ಯಾವ ಶೇಕಡಕ್ಕೆ ಎಷ್ಟು ಆರ್‌ಪಿಎಂ ಎಂಬ ಪಟ್ಟಿ ಮಾಡಿಕೊಳ್ಳುತ್ತದೆ. ಒಂದೊಂದು ಫ್ಯಾನಿಗೂ ಕೆಲವು ನಿಮಿಷ ಬೇಕು. ಸಿಪಿಯು ಫ್ಯಾನೂ ನಡುವೆ ನಿಲ್ಲುವುದರಿಂದ ಆ ಹೊತ್ತಿನಲ್ಲಿ ಬೇರೇನೂ ತೆರೆಯದಿರುವುದು ಮೇಲು. ನೀರಿನಿಂದ ತಂಪುಮಾಡುವ ಕೂಲರಿನ ಪಂಪನ್ನು ಕ್ಯಾಲಿಬ್ರೇಟ್ ಮಾಡಬೇಡಿ. ತಯಾರಕರು ಬೇರೆ ಹೇಳದಿದ್ದರೆ ಪಂಪು ಸದಾ ಶೇ 100ರಲ್ಲೇ ಇರಲಿ.

ಇದರಿಂದ ಸಿಗುವ ಎರಡು ಅಂಕಿ ಮುಖ್ಯ. ತಿರುಗುತ್ತಿರುವ ಫ್ಯಾನು ನಿಲ್ಲುವ ಶೇಕಡ ಒಂದು, ನಿಂತ ಫ್ಯಾನು ತಿರುಗಲು ಬೇಕಾದ ಶೇಕಡ ಇನ್ನೊಂದು. ಎರಡನೆಯದು ಮಾಮೂಲಿಯಾಗಿ ಹೆಚ್ಚು. ಶೇ 15ರಲ್ಲಿ ತಿರುಗುತ್ತಲೇ ಇರುವ ಫ್ಯಾನು, ನಿಂತ ಮೇಲೆ ಏಳಲು ಶೇ 22 ಕೇಳಬಹುದು. ಬಯೋಸ್ ಕರ್ವಿನಲ್ಲಿ (ಯಾವ ತಾಪಮಾನಕ್ಕೆ ಎಷ್ಟು ವೇಗ ಎಂದು ಹೇಳುವ ಗೆರೆ) ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಫ್ಯಾನ್ ಕಂಟ್ರೋಲ್‌ನಲ್ಲಿ ಪ್ರತಿ ಫ್ಯಾನಿಗೂ ಸ್ಟಾರ್ಟ್, ಸ್ಟಾಪ್ ಎಂಬ ಎರಡು ಖಾನೆಗಳಿವೆ. ಎಲ್ಲ ಫ್ಯಾನೂ ನಿಲ್ಲುತ್ತವೆ ಎಂದುಕೊಳ್ಳಬೇಡಿ. ಕೆಲವು ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಇಳಿಯದಂತೆ ಮಾಡಿದವು. ಆರ್ಕ್ಟಿಕ್ ಪಿ12 ಪಿಡಬ್ಲ್ಯುಎಂ ಶೇ 5ಕ್ಕಿಂತ ಕಡಿಮೆ ಆಜ್ಞೆಗೆ ಪೂರ್ತಿ ನಿಲ್ಲುತ್ತದೆ.

ಕರ್ವ್ ಬರೆಯುವುದರಲ್ಲಿ ಈ ತಂತ್ರಾಂಶದ ನಿಜವಾದ ಬಲ ಕಾಣುತ್ತದೆ. ಸಿಪಿಯು ತಾಪಮಾನವನ್ನು ಹಾಗೇ ಕ್ಯಾಬಿನೆಟ್ ಫ್ಯಾನಿಗೆ ಕಟ್ಟಬೇಡಿ. ಇಂದಿನ ಎಎಂಡಿ ರೈಜನ್ ಸಿಪಿಯು ಆಗಲಿ ಇಂಟೆಲ್ ಕೋರ್ ಆಗಲಿ, ಒಂದು ಕಿಟಕಿ ತೆರೆದರೆ 10–15 ಡಿಗ್ರಿ ಜಿಗಿದು ಎರಡು ಸೆಕೆಂಡಿನಲ್ಲಿ ಇಳಿಯುತ್ತವೆ. ಕ್ಯಾಬಿನೆಟ್ಟಿನ ಗಾಳಿ ಅಷ್ಟರಲ್ಲಿ ಅರ್ಧ ಡಿಗ್ರಿಯೂ ಬದಲಾಗಿರುವುದಿಲ್ಲ. ಹಾಗಾಗಿ ಮೊದಲು ಒಂದು ಕಸ್ಟಮ್ ಸೆನ್ಸರ್ ಮಾಡಿ, ಬಗೆ ‘ಸಮಯದ ಸರಾಸರಿ’, ಮೂಲ ಸಿಪಿಯು, ಅವಧಿ 15ರಿಂದ 20 ಸೆಕೆಂಡ್. ಜಿಗಿತಗಳೆಲ್ಲ ಅಲ್ಲೇ ಸವೆದು ಹೋಗುತ್ತವೆ.

ಆ ಸರಾಸರಿಗೆ ಒಂದು ಗ್ರಾಫ್ ಕರ್ವ್: 50 ಡಿಗ್ರಿವರೆಗೆ ಶೇ 25, 70ಕ್ಕೆ ಶೇ 40, 85ಕ್ಕೆ ಶೇ 70. ಗ್ರಾಫಿಕ್ಸ್ ಕಾರ್ಡಿಗೆ ಇನ್ನೊಂದು: 45ರವರೆಗೆ ಶೇ 25, 60ಕ್ಕೆ 35, 70ಕ್ಕೆ 50, 80ಕ್ಕೆ 75. ಕಾರ್ಡಿನ ಹಾಟ್‌ಸ್ಪಾಟ್ (ಅತಿ ಬಿಸಿಯಾದ ಬಿಂದು) ಬೇಡ, ಕೋರ್ ತಾಪಮಾನವನ್ನೇ ತೆಗೆದುಕೊಳ್ಳಿ. ಇನ್ನು ಮೂರನೆಯದಾಗಿ ಮಿಕ್ಸ್ ಕರ್ವ್ ತೆರೆದು ಈ ಎರಡನ್ನೂ ಸೇರಿಸಿ, ‘ಮ್ಯಾಕ್ಸ್’ ಆರಿಸಿ. ಎರಡರಲ್ಲಿ ಯಾರು ಹೆಚ್ಚು ಕೇಳುತ್ತಾರೋ ಅವರ ಮಾತು ನಡೆಯುತ್ತದೆ. ಸರಾಸರಿ ಆರಿಸಿದರೆ ತಣ್ಣಗಿರುವ ಸಿಪಿಯು ಕಾರ್ಡಿನ ಬೇಡಿಕೆಯನ್ನು ಕೆಳಕ್ಕೆ ಜಗ್ಗುತ್ತದೆ, ಕೆಲಸ ಕೆಡುತ್ತದೆ. ಈ ಮಿಕ್ಸನ್ನು ಎಲ್ಲ ಕ್ಯಾಬಿನೆಟ್ ಫ್ಯಾನಿಗೂ ಕೊಡಿ. ಸಿಪಿಯು ಕೂಲರಿನ ಫ್ಯಾನಿಗೆ ಮಾತ್ರ ಸಿಪಿಯುವಿನದೇ ಪ್ರತ್ಯೇಕ ಕರ್ವ್ ಇರಲಿ.

ಸೂಕ್ಷ್ಮಗಳು ಇನ್ನೂ ಇವೆ. ಹಿಸ್ಟೆರಿಸಿಸ್ (ತಾಪಮಾನ ಎಷ್ಟು ಬದಲಾದರೆ ಫ್ಯಾನು ಸ್ಪಂದಿಸಬೇಕು ಎಂಬ ಅಂತರ) 3 ಡಿಗ್ರಿ, ಪ್ರತಿಕ್ರಿಯೆಯ ಸಮಯ 3 ಸೆಕೆಂಡ್ ಇಟ್ಟರೆ ಗಡಿಯಲ್ಲಿ ಕುಳಿತ ತಾಪಮಾನಕ್ಕೆ ಫ್ಯಾನು ಏರುತ್ತ ಇಳಿಯುತ್ತ ಉಸಿರಾಡುವುದು ನಿಲ್ಲುತ್ತದೆ. ಏರುವ ವೇಗ ಸೆಕೆಂಡಿಗೆ ಶೇ 8, ಇಳಿಯುವುದು ಶೇ 2. ಕಿವಿಗೆ ತೊಂದರೆ ಕೊಡುವುದು ಸದ್ದಿನ ಮಟ್ಟಕ್ಕಿಂತ ಅದರ ಬದಲಾವಣೆ. ನಿಧಾನ ಇಳಿದರೆ ಗೊತ್ತೇ ಆಗುವುದಿಲ್ಲ. ಹೆಚ್ಚುಕಡಿಮೆ ಒಂದೇ ವೇಗದ ಎರಡು ಫ್ಯಾನು ಪಕ್ಕಪಕ್ಕ ಇದ್ದು ‘ವೂಂ... ವೂಂ’ ಎಂದು ಅಲೆಯಂತೆ ಸದ್ದು ಬಂದರೆ ಒಂದಕ್ಕೆ ಆಫ್‌ಸೆಟ್ (ಕರ್ವಿನ ಅಂಕಿಗೆ ಕೂಡಿಸುವ ವ್ಯತ್ಯಾಸ) ಶೇ 4 ಕೊಡಿ. ಇನ್ನೊಂದು ಬಗೆಯ ಗುಂಯ್‌ಗುಡುವಿಕೆ ತಗಡಿನದು: ಉದಾಹರಣೆಗೆ 850–950 ಆರ್‌ಪಿಎಂ ನಡುವೆ ಮಾತ್ರ ಪಕ್ಕದ ತಗಡು ಝೇಂಕರಿಸುತ್ತದೆ. ಆ ಭಾಗದಲ್ಲಿ ಕರ್ವನ್ನು ಹೆಚ್ಚುಕಡಿಮೆ ನೇರ ಮೇಲಕ್ಕೆ ಎಳೆದು ಫ್ಯಾನು ಆ ವೇಗದಲ್ಲಿ ನಿಲ್ಲದಂತೆ ಮಾಡಿ.

ಹಿಂದಿನ ಫ್ಯಾನಿಗೆ ಶೇ 5ರಷ್ಟು ಕಡಿಮೆ ಆಫ್‌ಸೆಟ್ ಕೊಡುವುದು ಧೂಳಿನ ಊರಿಗೆ ಹೇಳಿಮಾಡಿಸಿದ್ದು. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದುಗಳಲ್ಲಿ ಗಾಳಿ ಹೊರಕ್ಕೇ ನುಗ್ಗುತ್ತದೆ. ಧೂಳು ಬರಬೇಕಾದರೆ ಮುಂದಿನ ಜಾಲರಿ ದಾಟಿಯೇ ಬರಬೇಕು. ಜಾಲರಿ ಕಟ್ಟಿಕೊಂಡಾಗ ಆರ್‌ಪಿಎಂ ಅಂಕಿ ಹಾಗೇ ಇರುತ್ತದೆ, ತಾಪಮಾನ ಮಾತ್ರ ಏರುತ್ತದೆ. ಯಾವ ತಂತ್ರಾಂಶವೂ ಇದನ್ನು ಹಿಡಿದು ಹೇಳುವುದಿಲ್ಲ. ಮುಂದಿನ ಮುಖವಾಡ ತೆಗೆದು ಅದೇ ಗೇಮನ್ನು ಕಾಲು ಗಂಟೆ ಓಡಿಸಿ. ಕಾರ್ಡು ಐದಾರು ಡಿಗ್ರಿ ಇಳಿದರೆ ಕರ್ವ್ ತಿದ್ದುವುದನ್ನು ಬಿಟ್ಟು ಜಾಲರಿ ತೊಳೆಯಿರಿ.

ಕೋಣೆಯ ಗಾಳಿಗಿಂತ ತಣ್ಣಗೆ ಮಾಡುವುದು ಯಾವ ಫ್ಯಾನಿನಿಂದಲೂ ಆಗದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವುದು ಮಾಮೂಲು. ಜನವರಿಯಲ್ಲಿ ಬರೆದ ಕರ್ವ್ ಮೇ ತಿಂಗಳಲ್ಲಿ ಸುಮ್ಮನೆ ಕುಳಿತ ಕಂಪ್ಯೂಟರನ್ನೂ ವಿನಾಕಾರಣ ಕೂಗಿಸಬಹುದು, ಯಾಕೆಂದರೆ ಸುಮ್ಮನಿರುವಾಗಿನ ತಾಪಮಾನವೇ ಕರ್ವಿನ ಸಮತಟ್ಟು ದಾಟಿರುತ್ತದೆ. ಫ್ಯಾನ್ ಕಂಟ್ರೋಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಂರಚನೆ ಉಳಿಸಿಟ್ಟು, ಗಡಿಯಾರದ ಪಕ್ಕದ ಚಿಹ್ನೆಯಿಂದಲೇ ಬದಲಿಸಬಹುದು. ‘ಬೇಸಿಗೆ’ ಹೆಸರಿನದರಲ್ಲಿ ಎಲ್ಲ ಬಿಂದುಗಳನ್ನೂ 7–8 ಡಿಗ್ರಿ ಬಲಕ್ಕೆ ಸರಿಸಿಡಿ. ಬೆಂಗಳೂರು, ಮೈಸೂರಿನವರಿಗೆ ಒಂದೇ ಸಾಕಾಗಬಹುದು.

ನಿಮ್ಮ ಮದರ್‌ಬೋರ್ಡಿನಲ್ಲಿ ಟಿ-ಸೆನ್ಸರ್ ಎಂದು ಬರೆದ ಎರಡು ಪಿನ್ನಿನ ಹೆಡರ್ ಇದ್ದರೆ ನಿಮ್ಮದು ಅದೃಷ್ಟ. 10 ಕಿಲೋ ಓಮಿನ ಥರ್ಮಿಸ್ಟರ್ (ತಾಪಮಾನ ಅಳೆಯುವ ಪುಟ್ಟ ಬಿಡಿಭಾಗ) ತಂತಿಯನ್ನು ಅದಕ್ಕೆ ಸಿಕ್ಕಿಸಿ, ತುದಿಯನ್ನು ಹಿಂದಿನ ಫ್ಯಾನಿನ ಹತ್ತಿರ ಗಾಳಿಯಲ್ಲಿ ತೂಗಾಡುವಂತೆ ಅಂಟಿಸಿ. ಕ್ಯಾಬಿನೆಟ್ ಫ್ಯಾನಿಗೆ ಇದಕ್ಕಿಂತ ಪ್ರಾಮಾಣಿಕ ಸೆನ್ಸರ್ ಇಲ್ಲ. ಆಗ ಬಯೋಸ್ ಒಂದರಿಂದಲೇ ಗ್ರಾಫಿಕ್ಸ್ ಕಾರ್ಡಿನ ಬಿಸಿಗೂ ಸ್ಪಂದಿಸಬಹುದು, ಈ ತಂತ್ರಾಂಶದ ಅಗತ್ಯವೇ ಅರ್ಧ ತಪ್ಪುತ್ತದೆ.

ಕಾರ್ಡಿನದೇ ಫ್ಯಾನುಗಳನ್ನು ಇದರಿಂದ ನಡೆಸಬಹುದು, ಆದರೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಬಹಳಷ್ಟು ಎನ್‌ವಿಡಿಯಾ ಕಾರ್ಡುಗಳು ತಂತ್ರಾಂಶದಿಂದ ಶೇ 30ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ; ಕಾರ್ಡಿನ ಸ್ವಂತ ವ್ಯವಸ್ಥೆ ಮಾತ್ರ ಪೂರ್ತಿ ನಿಲ್ಲಿಸಬಲ್ಲದು. ಅದನ್ನು ಅದರ ಪಾಡಿಗೆ ಬಿಡಿ.

ಕೈಕೊಡುವ ಜಾಗಗಳು

ಆರ್‌ಪಿಎಂ ಕಾಣುತ್ತದೆ, ಆದರೆ ನಿಯಂತ್ರಣದ ಚೌಕಗಳೇ ಪರದೆಯಲ್ಲಿಲ್ಲ. ಅಂದರೆ ಮದರ್‌ಬೋರ್ಡಿನ ಸೂಪರ್ ಐ/ಒ ಚಿಪ್ಪನ್ನು (ಫ್ಯಾನು, ಸೆನ್ಸರುಗಳನ್ನು ನೋಡಿಕೊಳ್ಳುವುದು) ಲೈಬ್ರರಿ ಇನ್ನೂ ಪೂರ್ತಿ ಗುರುತಿಸಿಲ್ಲ. ಈ ಚಿಪ್ಪುಗಳು ಸಾಮಾನ್ಯವಾಗಿ ನುವೊಟಾನ್ ಅಥವಾ ಐಟಿಇ ಕಂಪನಿಯವು. ಹೊಸದಾಗಿ ಮಾರುಕಟ್ಟೆಗೆ ಬಂದ ಬೋರ್ಡುಗಳಲ್ಲಿ ಇದು ಹೆಚ್ಚು. ಹೊಸ ಆವೃತ್ತಿ ಹಾಕಿ ನೋಡಿ. ಆಗಲೂ ಬರದಿದ್ದರೆ ಕಾಯುವುದೊಂದೇ ದಾರಿ. ಬೋರ್ಡು ಕೊಳ್ಳುವ ಮುಂಚೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನಲ್ಲಿ ಅದೇ ಮಾದರಿಯ ಹೆಸರು ಹುಡುಕುವುದು ಜಾಣತನ.

ಶೇ 30 ಎಂದು ಇಟ್ಟದ್ದು ಮೂರು ಸೆಕೆಂಡಿಗೆ ಶೇ 60 ಆಗುತ್ತದೆ, ಮತ್ತೆ 30. ಇಬ್ಬರು ಯಜಮಾನರಿದ್ದಾರೆ ಎಂದರ್ಥ. ಮದರ್‌ಬೋರ್ಡ್ ಕಂಪನಿಗಳ ತಂತ್ರಾಂಶಗಳಾದ ಆರ್ಮರಿ ಕ್ರೇಟ್, ಎಂಎಸ್‌ಐ ಸೆಂಟರ್, ಗಿಗಾಬೈಟ್ ಕಂಟ್ರೋಲ್ ಸೆಂಟರ್ ಇಂಥವು ಅದೇ ಚಿಪ್ಪಿಗೆ ತಮ್ಮ ಅಂಕಿ ಬರೆಯುತ್ತಿರುತ್ತವೆ. ಅವುಗಳ ಫ್ಯಾನ್ ವಿಭಾಗವನ್ನು ತೆಗೆದುಹಾಕಿ ಮರುಚಾಲನೆ ಮಾಡಿ; ಮುಚ್ಚಿದರೆ ಸಾಲದು, ಹಿನ್ನೆಲೆಯ ಸೇವೆ ಓಡುತ್ತಲೇ ಇರುತ್ತದೆ. ಕೆಲವು ಗಿಗಾಬೈಟ್ ಬೋರ್ಡುಗಳಲ್ಲಿ ಇನ್ನೊಂದು ಪುಟ್ಟ ನಿಯಂತ್ರಕವೇ ಹಿಡಿತ ವಾಪಸ್ ಕಸಿದುಕೊಳ್ಳುತ್ತದೆ. ಲೈಬ್ರರಿ ಅದನ್ನು ಸುಮ್ಮನಿರಿಸಲು ಯತ್ನಿಸುತ್ತದೆ, ಎಲ್ಲ ಮಾದರಿಯಲ್ಲೂ ಗೆಲ್ಲುವುದಿಲ್ಲ.

ತಾಪಮಾನದ ಪಟ್ಟಿಯಲ್ಲಿ ಒಂದು ಸದಾ 105, ಇನ್ನೊಂದು 127 ತೋರಿಸುತ್ತಿದ್ದರೆ ಹೆದರಬೇಡಿ. ಚಿಪ್ಪಿನಲ್ಲಿ ಜಾಗವಿದೆ, ಬೋರ್ಡಿನಲ್ಲಿ ಅದಕ್ಕೆ ಸೆನ್ಸರ್ ಬೆಸೆದಿಲ್ಲ. ಅಪ್ಪಿತಪ್ಪಿ ಇಂಥದ್ದಕ್ಕೆ ಕರ್ವ್ ಕಟ್ಟಿದರೆ ಫ್ಯಾನು ಹಗಲೂ ರಾತ್ರಿ ಪೂರ್ಣ ವೇಗದಲ್ಲಿ. ಹಳೆಯ ರೈಜನ್‌ನವರಿಗೆ ಇನ್ನೊಂದು ಬಲೆ ಉಂಟು: 2700ಎಕ್ಸ್ ತನ್ನ ತಾಪಮಾನಕ್ಕೆ 10 ಡಿಗ್ರಿ, 1700ಎಕ್ಸ್ ಮತ್ತು 1800ಎಕ್ಸ್ 20 ಡಿಗ್ರಿ ಕೂಡಿಸಿ ಹೇಳುತ್ತವೆ, ಫ್ಯಾನು ಬೇಗ ಏರಲಿ ಎಂದು. ಕೂಡಿಸಿ ಹೇಳುವ ಟಿಸಿಟಿಎಲ್ ಬಿಟ್ಟು ನಿಜ ತಾಪಮಾನದ ಟಿಡೈ ಹೆಸರಿನ ಅಂಕಿ ಆರಿಸಿ.

ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಕರ್ವುಗಳು ಸೆನ್ಸರ್ ಕಳೆದುಕೊಂಡು ಖಾಲಿ ಕೂರಬಹುದು. ಬಯೋಸ್‌ನಲ್ಲಿ ಕೈಯಿಂದ ಇಟ್ಟ ಡಿಸಿ, ಪಿಡಬ್ಲ್ಯುಎಂ ಆಯ್ಕೆಯೂ ಅಳಿಸಿಹೋಗಿರುತ್ತದೆ, ಅದನ್ನೇ ಮೊದಲು ನೋಡಿ. ಸಂರಚನೆ ಎಂಬುದು ಒಂದು ಜೇಸನ್ ಕಡತ ಅಷ್ಟೇ. ಅಪ್‌ಡೇಟಿಗೆ ಮುಂಚೆ ಅದರ ಪ್ರತಿ ತೆಗೆದಿಡಿ. ಸ್ವಂತ ಯುಎಸ್‌ಬಿ ಹಬ್ಬಿರುವ ಕೋರ್ಸೇರ್ ಐಕ್ಯು, ಎನ್‌ಜಡ್‌ಎಕ್ಸ್‌ಟಿ ಮಾದರಿಯ ಫ್ಯಾನುಗಳು ಹೆಡರಿಗೆ ಕಾಣುವುದೇ ಇಲ್ಲ. ಅವಕ್ಕೆ ಬೇರೆ ಪ್ಲಗಿನ್ ಬೇಕಾಗುತ್ತದೆ.

ಇನ್ನು ಭದ್ರತೆಯ ವಿಷಯ. 2025ರ ಮಾರ್ಚಿನಲ್ಲಿ ವಿಂಡೋಸ್ ಡಿಫೆಂಡರ್ ಈ ತಂತ್ರಾಂಶವನ್ನು ಹ್ಯಾಕ್‌ಟೂಲ್ ಎಂದು ಹೆಸರಿಟ್ಟು ಹಿಡಿಯತೊಡಗಿತು. ಅದು ಸುಳ್ಳು ಎಚ್ಚರಿಕೆಯಲ್ಲ. ಚಿಪ್ಪಿನ ಜೊತೆ ಮಾತಾಡಲು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಹಳೆಯ ಡ್ರೈವರಿನಲ್ಲಿ 2020ರಿಂದಲೂ ದಾಖಲಾದ ದೋಷವಿತ್ತು: ಕಂಪ್ಯೂಟರಿನಲ್ಲಿ ಈಗಾಗಲೇ ನುಸುಳಿರುವ ಕೆಟ್ಟ ತಂತ್ರಾಂಶವೊಂದು ಆ ಡ್ರೈವರನ್ನೇ ಏಣಿ ಮಾಡಿಕೊಂಡು ವ್ಯವಸ್ಥೆಯ ಪೂರ್ಣ ಅಧಿಕಾರ ಪಡೆಯಬಹುದಿತ್ತು. ಈ ಕಾರಣಕ್ಕೆ ನಂತರದ ಆವೃತ್ತಿಗಳು ಪಾನ್‌ಐಒ ಎಂಬ ಬೇರೆ ಡ್ರೈವರಿಗೆ ಬದಲಾದವು. ಡಿಫೆಂಡರಿನಲ್ಲಿ ವಿನಾಯಿತಿ ಬರೆದು ಹಳೆಯದನ್ನೇ ಓಡಿಸಿ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಕೇಳಬೇಡಿ. ಹಳೆಯದನ್ನು ತೆಗೆದು ಹೊಸದು ಹಾಕಿ, ಹಾಕುವಾಗ ಪಾನ್‌ಐಒ ಬೇಕೇ ಎಂದು ಕೇಳಿದರೆ ಒಪ್ಪಿ.

ಬೇರೆ ದಾರಿಗಳು? ಹಿಂದೆ ಎಲ್ಲರೂ ಬಳಸುತ್ತಿದ್ದ ಸ್ಪೀಡ್‌ಫ್ಯಾನ್ 4.52ರಲ್ಲೇ ನಿಂತುಹೋಗಿದೆ, ಹೊಸ ಚಿಪ್ಪು ಅದಕ್ಕೆ ಗೊತ್ತಿಲ್ಲ. ಆರ್ಗಸ್ ಮಾನಿಟರ್ ಗಟ್ಟಿ ತಂತ್ರಾಂಶ, ಆದರೆ ದುಡ್ಡು ಕೊಡಬೇಕು. ಫ್ಯಾನ್ ಕಂಟ್ರೋಲ್‌ಗೆ ಸಿಗದ ಬೋರ್ಡು ನಿಮ್ಮದಾದರೆ ಅದರ 30 ದಿನದ ಪ್ರಯೋಗ ಆವೃತ್ತಿ ಹಾಕಿ ನೋಡಬಹುದು. ಲಿನಕ್ಸ್‌ನವರಿಗೆ ಎಲ್‌ಎಂ-ಸೆನ್ಸರ್ಸ್ ಜೊತೆ ಬರುವ ಹಳೆಯ ಸ್ಕ್ರಿಪ್ಟಿಗಿಂತ ಕೂಲರ್‌ಕಂಟ್ರೋಲ್ ಸುಲಭ. ಸ್ಕ್ರಿಪ್ಟಿನಲ್ಲಿ ಮರುಚಾಲನೆಯಾದಾಗ ಸೆನ್ಸರಿನ ಕ್ರಮಸಂಖ್ಯೆ ಬದಲಾಗಿ ಹಳೆಯ ಸಂರಚನೆ ಕೆಲಸ ಮಾಡದೆ ಹೋಗುವ ಕಾಟವಿದೆ.

ಫ್ಯಾನ್ ಕಂಟ್ರೋಲ್ ಮೇಲೆ ನಮ್ಮ ದೊಡ್ಡ ಆಕ್ಷೇಪ ಒಂದೇ, ಅದು ಈ ಬಗೆಯ ಎಲ್ಲ ತಂತ್ರಾಂಶಗಳದ್ದೂ ಹೌದು. ವಿಂಡೋಸ್ ತೆರೆದುಕೊಂಡು ನೀವು ಒಳಬರುವವರೆಗೆ ಇದು ಇಲ್ಲ, ಅಲ್ಲಿಯವರೆಗೆ ಬಯೋಸ್ ಕರ್ವೇ ಗತಿ. ಸರಿಯಾಗಿ ಮುಚ್ಚಿದರೆ ಹಿಡಿತವನ್ನು ಬಯೋಸ್‌ಗೆ ಒಪ್ಪಿಸಿ ಹೋಗುತ್ತದೆ. ಆದರೆ ನಡುವೆ ಸತ್ತರೆ ಫ್ಯಾನು ಕೊನೆಯ ಆಜ್ಞೆಯಲ್ಲೇ ಅಂಟಿಕೊಂಡು ಕೂರಬಹುದು. ಪರೀಕ್ಷಿಸಿ ನೋಡಿ: ಕಂಪ್ಯೂಟರ್ ಸುಮ್ಮನಿರುವಾಗ ಟಾಸ್ಕ್ ಮ್ಯಾನೇಜರಿನಿಂದ ಇದನ್ನು ಕೊಂದುಹಾಕಿ, ಆಮೇಲೆ ಒಂದು ಗೇಮ್ ತೆರೆಯಿರಿ. ಶೇ 25ರಲ್ಲೇ ನಿಂತ ಫ್ಯಾನುಗಳೊಂದಿಗೆ ಕಾರ್ಡು ಅರ್ಧ ಗಂಟೆಯಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿ. 85 ದಾಟಿದರೆ ಕನಿಷ್ಠವನ್ನು ಶೇ 30ಕ್ಕೋ 35ಕ್ಕೋ ಏರಿಸಿ. ಕನಿಷ್ಠ ಸೊನ್ನೆ ಇಟ್ಟುಕೊಂಡವರಂತೂ ಈ ಪರೀಕ್ಷೆ ಮಾಡದೆ ಮಲಗಬೇಡಿ.